ಹಲ್ಲಿಗಣ್ಣಿನ ಕನ್ನಡಕ, ಒಂದು ಟೀ-ಶರ್ಟ್, ನಾಲ್ಕು ಸಹಿ

ಪೋಕರ್ ಎಂಬ ಇಸ್ಪೀಟಾಟದ ದೊಡ್ಡ ಟೂರ್ನಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಅನ್ನು 2004ರಲ್ಲಿ ಗೆದ್ದ ಗ್ರೆಗ್ ರೇಮರ್ ಅವರ ಮುಖ ನೆನಪಿಲ್ಲದವರಿಗೂ ಅವರ ಕನ್ನಡಕ ನೆನಪಿರುತ್ತದೆ. ಗಾಜಿನ ಮೇಲೆ ಹೋಲೋಗ್ರಾಂ. ಎದುರಿಗೆ ಕೂತವನಿಗೆ ರೇಮರ್ ಕಣ್ಣು ಕಾಣುವುದಿಲ್ಲ, ಹಲ್ಲಿಯ ಕಣ್ಣು ಕಾಣುತ್ತದೆ. ಮುಂದಿದ್ದ ಚಿಪ್ಸನ್ನೆಲ್ಲ, ಅಂದರೆ ಪಣಕ್ಕಿಡುವ ಬಿಲ್ಲೆಗಳನ್ನೆಲ್ಲ, ತಳ್ಳಿಬಿಟ್ಟು, ಎದೆ ಡವಡವ ಎನ್ನುವಾಗ ತಲೆ ಎತ್ತಿದರೆ ಎರಡು ಹಲ್ಲಿಗಣ್ಣು ನಿಮ್ಮನ್ನೇ ದಿಟ್ಟಿಸುತ್ತಿವೆ. ಹೇಗಿರುತ್ತೆ ಹೇಳಿ!

ಇದನ್ನು ಯಾವ ಕಂಪನಿಯೂ ಅವರಿಗೆಂದು ಮಾಡಿಕೊಟ್ಟಿದ್ದಲ್ಲ. ಡಿಸ್ನಿ ವರ್ಲ್ಡ್‌ನ ಒಂದು ಗಿಫ್ಟ್ ಅಂಗಡಿಯಲ್ಲಿ, ಪ್ರವಾಸಿಗರು ಸುಮ್ನೆ ತಮಾಷೆಗೆ ಕೊಳ್ಳುವ ಸಾಮಾನುಗಳ ನಡುವೆ ಸಿಕ್ಕಿದ್ದು. ಅದನ್ನು ಹಾಕಿಕೊಂಡೇ ಅವರು 2,576 ಜನರ ಟೂರ್ನಿಯಲ್ಲಿ 50 ಲಕ್ಷ ಡಾಲರ್ ಗೆದ್ದರು. ಅವರ ಮುಂದೆ ಮೇಜಿನ ಮೇಲೆ ಇನ್ನೊಂದು ವಸ್ತುವೂ ಇರುತ್ತಿತ್ತು. ಕಲ್ಲಾಗಿ ಹೋದ ಹಳೇ ಜೀವಿಯ ಒಂದು ತುಂಡು, ಅಂದರೆ ಪಳೆಯುಳಿಕೆ. ಎಲೆ ಹಂಚುವ ಡೀಲರ್ ಮರೆತು ಇಸ್ಪೀಟೆಲೆ ಎತ್ತಿಕೊಂಡು ಹೋಗದಿರಲಿ ಅಂತ ಪೋಕರ್ ಆಡುವವರು ತಮ್ಮ ಎಲೆಗಳ ಮೇಲೆ ಏನಾದರೊಂದು ಭಾರ ಇಡುತ್ತಾರೆ. ರೇಮರ್ ಪಳೆಯುಳಿಕೆ ಇಟ್ಟರು. ಪಕ್ಕದವರು ಚೆನ್ನಾಗಿದೆ ಎಂದಾಗ ಅವರಿಗೂ ಮಾರಿದರು. 'ಫಾಸಿಲ್‌ಮ್ಯಾನ್' ಎಂಬ ಹೆಸರು ಬಂದದ್ದು ಹೀಗೆ.

ಈಗ ಒಂದು ಪ್ರಶ್ನೆ. ಹಲ್ಲಿಗಣ್ಣಿನ ಕನ್ನಡಕ ಹಾಕಿದ ರೇಮರ್ ಫೋಟೋವನ್ನು ಟೀ-ಶರ್ಟ್ ಮೇಲೆ ಅಚ್ಚು ಹಾಕಿ ಮಾರಬೇಕು ಅಂದುಕೊಳ್ಳಿ. ಯಾರನ್ನು ಕೇಳಬೇಕು?

ರೇಮರ್ ಅವರನ್ನು ಕೇಳಿದರೆ ಸಾಕಲ್ವಾ ಎಂದು ಅನಿಸುತ್ತದೆ. ಸಾಲದು. ಫೋಟೋ ತೆಗೆದವನದ್ದು ಒಂದು ಹಕ್ಕು, ಅದು ಕಾಪಿರೈಟ್. ಹಿಂದೆ ಟೂರ್ನಿಯ ಲೋಗೋ ಕಾಣುತ್ತಿದ್ದರೆ ಟೂರ್ನಿಯ ಒಡೆಯರದ್ದು ಇನ್ನೊಂದು, ಅದು ಟ್ರೇಡ್‌ಮಾರ್ಕ್. ಅಂಗಿಯ ಮೇಲೆ ಆನ್‌ಲೈನ್ ಪೋಕರ್ ಸೈಟಿನ ಲೋಗೋ ಹೊಲಿದಿದ್ದರೆ ಆ ಸೈಟಿನದ್ದು ಮತ್ತೊಂದು. ಇವೆಲ್ಲದರ ಜೊತೆಗೆ ರೇಮರ್ ಅವರದ್ದು. ಒಂದು ಟೀ-ಶರ್ಟ್, ನಾಲ್ಕು ಸಹಿ. ಪೋಕರ್ ಆಟಗಾರರ ಹೆಸರಲ್ಲಿ ಸರಕು ಮಾರುವ ವ್ಯಾಪಾರ ಯಾಕೆ ದೊಡ್ಡದಾಗಿ ಬೆಳೆಯಲಿಲ್ಲ ಎನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಮುಖಕ್ಕೂ ಒಬ್ಬ ಒಡೆಯ

ಆಟಗಾರನ ಹಕ್ಕಿನಿಂದ ಶುರು ಮಾಡೋಣ, ಅದೇ ಎಲ್ಲಕ್ಕಿಂತ ವಿಚಿತ್ರ. ನನ್ನ ಮುಖ ನನ್ನದು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಬಾಡಿಗೆಗೆ ಕೊಡಬಹುದಾದ ಆಸ್ತಿ ಎಂದು ಅಮೆರಿಕದ ಕೋರ್ಟು ಒಪ್ಪಿದ್ದು 1953ರಲ್ಲಿ, ಅದೂ ಚೂಯಿಂಗ್ ಗಮ್ ಜಗಳದಿಂದ. ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳನ್ನು ಗಮ್ ಪೊಟ್ಟಣದ ಜೊತೆ ಮಾರುತ್ತಿದ್ದ ಎರಡು ಕಂಪನಿಗಳಿದ್ದವು. ಒಂದು ಕಂಪನಿ 'ಈ ಆಟಗಾರರು ನಮಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದಾರೆ' ಎಂದು ಟಾಪ್ಸ್ ಕಂಪನಿಯ ಮೇಲೆ ಕೇಸು ಹಾಕಿತು. ಜೆರೋಮ್ ಫ್ರಾಂಕ್ ಎಂಬ ನ್ಯಾಯಾಧೀಶರು ತೀರ್ಪು ಬರೆಯುವಾಗ ಇದಕ್ಕೆ 'ರೈಟ್ ಆಫ್ ಪಬ್ಲಿಸಿಟಿ' ಎಂದು ಹೆಸರಿಟ್ಟರು. ಹೆಸರುವಾಸಿಯಾದವನು ತನ್ನ ಹೆಸರು ಮುಖಗಳನ್ನು ವ್ಯಾಪಾರಕ್ಕೆ ಬಿಡುವ ಅಥವಾ ಬಿಡದಿರುವ ಹಕ್ಕು.

ಆ ದೇಶದಲ್ಲಿ ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಒಪ್ಪಿಗೆ ಇಲ್ಲದೆ ಬಳಸಿದರೆ ಕಡಿಮೆ ಅಂದರೂ 750 ಡಾಲರ್ ಪರಿಹಾರ. ಲಾಸ್ ವೇಗಸ್ ಇರುವ ನೆವಾಡಾದಲ್ಲೂ ಇಂಥದೇ ಕಾನೂನಿದೆ.

ಹಾಗಾದರೆ ಫೋಟೋ ಬೇಡ, ನಾನೇ ಪೆನ್ಸಿಲ್‌ನಲ್ಲಿ ಬಿಡಿಸುತ್ತೇನೆ ಅನ್ನುವವರು ಇರುತ್ತಾರೆ. ಆ ದಾರಿಯೂ ಮುಚ್ಚಿದೆ. 'ತ್ರೀ ಸ್ಟೂಜಸ್' ಹಾಸ್ಯ ನಟರ ಇದ್ದಿಲು ಚಿತ್ರ ಬಿಡಿಸಿ ಟೀ-ಶರ್ಟ್ ಮಾರಿದ ಕಲಾವಿದರೊಬ್ಬರು 2001ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನಲ್ಲಿ ಸೋತರು. ಚಿತ್ರ ಚೆನ್ನಾಗಿದೆ, ಆದರೆ ನೀವು ಹೊಸದಾಗಿ ಏನೂ ಸೇರಿಸಿಲ್ಲ, ಜನ ಕೊಳ್ಳುತ್ತಿರುವುದು ಆ ಮುಖಗಳನ್ನೇ ಎಂಬುದು ತೀರ್ಪಿನ ತಿರುಳು.

ಮುಖವೇ ಇಲ್ಲದಿದ್ದರೆ? ಅದಕ್ಕೂ ಒಂದು ಕೇಸಿದೆ. ಸ್ಯಾಮ್‌ಸಂಗ್ ಜಾಹೀರಾತೊಂದರಲ್ಲಿ ಒಂದು ರೋಬೋಗೆ ಚಿನ್ನದ ಬಣ್ಣದ ವಿಗ್, ಗೌನು ತೊಡಿಸಿ ಟೀವಿಯ ಒಂದು ಗೇಮ್ ಶೋ ಬೋರ್ಡಿನ ಪಕ್ಕ ನಿಲ್ಲಿಸಿದ್ದರು. ಹೆಸರಿಲ್ಲ, ಮುಖವಿಲ್ಲ, ಮನುಷ್ಯರೇ ಅಲ್ಲ. ಆದರೂ ಅದು ಆ ಶೋನಲ್ಲಿ ಬೋರ್ಡಿನ ಪಕ್ಕ ನಿಲ್ಲುವ ವನ್ನಾ ವೈಟ್ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. 1992ರಲ್ಲಿ ಕೋರ್ಟು ಅವರ ಕೇಸು ನಡೆಯಲಿ ಎಂದಿತು. ಕೊನೆಗೆ ಜ್ಯೂರಿ ಅವರಿಗೆ 4,03,000 ಡಾಲರ್ ಕೊಡಿಸಿತು.

ಪೋಕರ್‌ಗೆ ಈ ಕೇಸು ಬಹಳ ಮುಖ್ಯ, ಯಾಕಂದ್ರೆ ಪೋಕರ್ ಆಟಗಾರರನ್ನು ಜನ ಗುರುತಿಸುವುದೇ ಇಂಥ ವಸ್ತುಗಳಿಂದ. ಉದ್ದ ಕೂದಲು, ಗಡ್ಡ, ಕರಿ ಹ್ಯಾಟು ಅಂದರೆ ಕ್ರಿಸ್ ಫರ್ಗುಸನ್. ತುಟಿಯಲ್ಲಿ ಹಚ್ಚದ ಸಿಗರೇಟು ಅಂದರೆ ಸ್ಯಾಮಿ ಫರ್ಹಾ. ಎಲೆಗಳ ಮೇಲೆ ಆಟಿಕೆ ಶಾರ್ಕ್ ಮೀನು ಅಂದರೆ ಹಂಬರ್ಟೊ ಬ್ರೆನೆಸ್. ಮೇಜಿನ ಮೇಲೆ ಕಿತ್ತಳೆ ಹಣ್ಣು ಅಂದರೆ ಜಾನಿ ಚಾನ್. ಸಿಗರೇಟು ಹೊಗೆಯ ನಡುವೆ ಕೂತು ಆಡುವ ಕಾಲದಲ್ಲಿ ಆ ಹಣ್ಣಿನ ಪರಿಮಳ ಚೆನ್ನಾಗಿರುತ್ತದೆ ಅಂತ ಅವರು ಅದನ್ನು ಇಟ್ಟುಕೊಳ್ಳುತ್ತಿದ್ದರು. ಫುಟ್‌ಬಾಲ್ ಆಟಗಾರನಿಗೆ ಜರ್ಸಿ ಸಂಖ್ಯೆ ಇದೆ, ತಂಡದ ಬಣ್ಣ ಇದೆ. ಪೋಕರ್‌ನಲ್ಲಿ ಸಮವಸ್ತ್ರವೇ ಇಲ್ಲ. ಹಾಗಾಗಿ ಹ್ಯಾಟು, ಹಣ್ಣು, ಕಲ್ಲು ಇವೇ ಜರ್ಸಿ.

ಅಡ್ಡಹೆಸರನ್ನು ಬ್ರಾಂಡ್ ಮಾಡಿಕೊಳ್ಳುವುದು ಇನ್ನೊಂದು ದಾರಿ. ಸೋತಾಗ ಮಗುವಿನ ಹಾಗೆ ರಂಪ ಮಾಡುವ ಫಿಲ್ ಹೆಲ್ಮ್ಯೂತ್‌ಗೆ 'ಪೋಕರ್ ಬ್ರ್ಯಾಟ್' ಎಂದು ಹೆಸರು ಬಿತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಅದೇ ಹೆಸರಿನಲ್ಲಿ ಬಟ್ಟೆ ಮಾರಿದರು. ಟ್ರೇಡ್‌ಮಾರ್ಕ್ ಕಚೇರಿಯ ಲೆಕ್ಕದಲ್ಲಿ ಬಟ್ಟೆ 25ನೇ ವರ್ಗ, ಇಸ್ಪೀಟೆಲೆ ಮತ್ತು ಆಟದ ಸಾಮಾನು 28ನೇ ವರ್ಗ, ಸಾಫ್ಟ್‌ವೇರ್ 9ನೇ ವರ್ಗ. ಒಂದೊಂದಕ್ಕೂ ಬೇರೆ ಬೇರೆ ಶುಲ್ಕ. ಎಲ್ಲ ಅಡ್ಡಹೆಸರೂ ಬಟ್ಟೆಯ ಮೇಲೆ ಬರುವಂಥದ್ದಲ್ಲ, ಬಿಡಿ. ಹೂಡಿಯ (ಬೆನ್ನಿಗೆ ಟೋಪಿ ಹೊಲಿದ ದಪ್ಪ ಅಂಗಿಯ) ಟೋಪಿ ತಲೆಗೆಳೆದು ಕಪ್ಪು ಕನ್ನಡಕ ಹಾಕುವ ಫಿಲ್ ಲಾಕ್ ಅವರಿಗೆ 'ಯೂನಾಬಾಂಬರ್' ಅನ್ನುತ್ತಾರೆ. ಅದು ಅಂಚೆಯಲ್ಲಿ ಬಾಂಬು ಕಳಿಸಿ ಜನರನ್ನು ಕೊಂದವನ ಹೆಸರು. ಅದನ್ನು ಮಕ್ಕಳ ಟೋಪಿ ಮೇಲೆ ಯಾರು ಹಾಕುತ್ತಾರೆ?

ಬಾಗಿಲಲ್ಲಿ ಕೊಟ್ಟ ಕಾಗದ

ಈ ಹಕ್ಕುಗಳಿಗೆಲ್ಲ ಬೆಲೆ ಬಂದದ್ದು ಟೀವಿಯಿಂದ. ಪೋಕರ್ ಟೀವಿಗೆ ಹೊಂದುವ ಆಟವೇ ಆಗಿರಲಿಲ್ಲ. ಎಲೆ ಕಾಣದಿದ್ದರೆ ನೋಡುವುದೇನು? ಒಂಬತ್ತು ಜನ ಸುಮ್ಮನೆ ಕೂತಿರುವುದನ್ನು ಎಷ್ಟು ಹೊತ್ತು ನೋಡುತ್ತೀರಿ? ಮೇಜಿನೊಳಗೆ ಕ್ಯಾಮೆರಾ ಇಟ್ಟು ಮುಚ್ಚಿದ ಎಲೆಗಳನ್ನು ನೋಡುಗರಿಗೆ ಮಾತ್ರ ತೋರಿಸುವ ಉಪಾಯಕ್ಕೆ 1990ರ ದಶಕದಲ್ಲಿ ಪೇಟೆಂಟ್ ಪಡೆದವರು ಹೆನ್ರಿ ಒರೆನ್‌ಸ್ಟೈನ್. ಅವರು ಆಟಿಕೆ ವ್ಯಾಪಾರಿ. 'ಟ್ರಾನ್ಸ್‌ಫಾರ್ಮರ್ಸ್' ಆಟಿಕೆಗಳು ಅಮೆರಿಕಕ್ಕೆ ಬರಲು ಕಾರಣರಾದವರು ಅವರೇ. ನಾಜಿ ಶಿಬಿರಗಳಿಂದ ಬದುಕಿ ಬಂದವರು. ಹೆಸರು, ಚಿತ್ರಗಳನ್ನು ಬಾಡಿಗೆಗೆ ಕೊಡುವ ಲೈಸೆನ್ಸ್ ವ್ಯಾಪಾರದ ಒಳಹೊರಗು ಬಲ್ಲ ಒಬ್ಬ ಆಟಿಕೆಯವನೇ ಪೋಕರ್ ಆಟಗಾರರನ್ನು ಟೀವಿ ತಾರೆಗಳನ್ನಾಗಿ ಮಾಡಿದ್ದು ನನಗಂತೂ ಈ ಕಥೆಯಲ್ಲಿ ಬಹಳ ಇಷ್ಟವಾದ ತಿರುವು.

2003ರಲ್ಲಿ ವರ್ಲ್ಡ್ ಪೋಕರ್ ಟೂರ್ ಎಂಬ ಇನ್ನೊಂದು ಟೂರ್ನಿ ಸರಣಿ ಟೀವಿಗೆ ಬಂತು. ಅದೇ ವರ್ಷ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್, ಆನ್‌ಲೈನ್‌ನ ಸಣ್ಣ ಟೂರ್ನಿಯೊಂದರಿಂದ ಒಳಗೆ ಬಂದು ವರ್ಲ್ಡ್ ಸೀರೀಸ್ ಗೆದ್ದುಬಿಟ್ಟರು. 25 ಲಕ್ಷ ಡಾಲರ್. ಹೆಸರು ನೋಡಿ: ಮನಿಮೇಕರ್, ಅಂದರೆ ದುಡ್ಡು ಮಾಡುವವ. ಯಾವ ಜಾಹೀರಾತು ಏಜೆನ್ಸಿಗೂ ಇಂಥ ಹೆಸರು ಹೊಳೆಯುತ್ತಿರಲಿಲ್ಲ, ಇದು ಅವರ ನಿಜವಾದ ಮನೆತನದ ಹೆಸರು. ಆ ವರ್ಷ 839 ಜನ ಆಡಿದ್ದರು. 2006ಕ್ಕೆ ಅದು 8,773 ಆಯಿತು.

ಗಿರಾಕಿ ಬಂದ ಮೇಲೆ ಸರಕು ಬರಲೇಬೇಕಲ್ಲ. ಪುಸ್ತಕ, ಡಿವಿಡಿ, ತಲೆಯಾಡಿಸುವ ಗೊಂಬೆ, ಚಿಪ್ಸ್ ಪೆಟ್ಟಿಗೆ. 2006ರಲ್ಲಿ ಡೇನಿಯಲ್ ನೆಗ್ರಾನು ಹೆಸರಿನಲ್ಲಿ ಒಂದು ವಿಡಿಯೋ ಗೇಮ್ ಬಂತು, ಹೋವರ್ಡ್ ಲೆಡೆರರ್ ಹೆಸರಿನಲ್ಲಿ ಇನ್ನೊಂದು. ಜಗಳ ಶುರುವಾದದ್ದೂ ಅದೇ ವರ್ಷ.

ಟೂರ್ನಿಗೆ ಹೋದಾಗ ಬಾಗಿಲಲ್ಲೇ ಒಂದು ಕಾಗದ ಕೊಡುತ್ತಾರೆ. ಚಿತ್ರೀಕರಣಕ್ಕೆ ಒಪ್ಪಿಗೆ ಪತ್ರ. ಸಹಿ ಹಾಕದಿದ್ದರೆ ಆಟವಿಲ್ಲ. 10,000 ಡಾಲರ್ ಕಟ್ಟಿ, ವಿಮಾನ ಹತ್ತಿ ಬಂದವರು ನಿಂತು ಸಣ್ಣ ಅಕ್ಷರ ಓದುತ್ತಾರಾ? ಸಹಿ ಹಾಕಿ ಒಳಗೆ ಹೋಗುತ್ತಾರೆ. 2006ರ ಜುಲೈನಲ್ಲಿ ಏಳು ಆಟಗಾರರು ಇದನ್ನು ಓದಿ ಕೋರ್ಟಿಗೆ ಹೋದರು: ಕ್ರಿಸ್ ಫರ್ಗುಸನ್, ಆಂಡ್ರೂ ಬ್ಲಾಕ್, ಆನಿ ಡ್ಯೂಕ್, ಫಿಲ್ ಗಾರ್ಡನ್, ಜೋ ಹಾಷೆಮ್, ಹೋವರ್ಡ್ ಲೆಡೆರರ್ ಮತ್ತು ಗ್ರೆಗ್ ರೇಮರ್. ಎದುರಾಳಿ ವರ್ಲ್ಡ್ ಪೋಕರ್ ಟೂರ್ ಕಂಪನಿ. ಈ ಕಾಗದದ ಪ್ರಕಾರ ನಮ್ಮ ಹೆಸರು, ಮುಖಗಳನ್ನು ಕಂಪನಿ ಎಂದೆಂದಿಗೂ, ಟೀವಿ ಕಾರ್ಯಕ್ರಮಕ್ಕೆ ಮಾತ್ರವಲ್ಲ ಸರಕು ಮಾರಲೂ ಬಳಸಬಹುದು, ಅದಕ್ಕೆ ನಮಗೆ ಒಂದು ಕಾಸೂ ಇಲ್ಲ ಎನ್ನುವುದು ಅವರ ದೂರು.

ಕಾಸಿನ ಮಾತು ಒಂದಾದರೆ, ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ನೀವು ಒಂದು ವಿಡಿಯೋ ಗೇಮ್ ಕಂಪನಿಗೆ 'ನನ್ನ ಮುಖ ನಿಮಗೆ ಮಾತ್ರ' ಎಂದು ಬರೆದುಕೊಟ್ಟಿದ್ದೀರಿ. ಆಮೇಲೆ ಟೂರ್ನಿಯ ಬಾಗಿಲಲ್ಲಿ 'ನನ್ನ ಮುಖ ನಿಮಗೂ' ಎಂದು ಸಹಿ ಹಾಕಿದಿರಿ. ಒಂದೇ ಸೈಟನ್ನು ಇಬ್ಬರಿಗೆ ಮಾರಿದ ಹಾಗಾಯಿತು. ಸಹಿ ಹಾಕಿದರೆ ಮೊದಲ ಕರಾರು ಮುರಿಯುತ್ತದೆ, ಹಾಕದಿದ್ದರೆ ಆಡುವ ಹಾಗಿಲ್ಲ, ಆಡದಿದ್ದರೆ ಟೀವಿಯಲ್ಲಿ ಕಾಣುವುದಿಲ್ಲ, ಕಾಣದವನ ಮುಖ ಯಾರಿಗೆ ಬೇಕು?

ಏಳು ಜನರ ಪಟ್ಟಿಯಲ್ಲಿ ರೇಮರ್ ಹೆಸರು ನೋಡಿದಿರಲ್ಲ. ಹಲ್ಲಿಗಣ್ಣಿನ ಈ ಮನುಷ್ಯ ಪೋಕರ್ ಗೆಲ್ಲುವ ಮೊದಲು ಫೈಜರ್ ಔಷಧ ಕಂಪನಿಯಲ್ಲಿ ಪೇಟೆಂಟ್ ವಕೀಲರಾಗಿದ್ದವರು. ಸಣ್ಣ ಅಕ್ಷರ ಓದುವುದೇ ಅವರ ಕಸುಬು.

ಕೇಸು 2008ರಲ್ಲಿ ರಾಜಿಯಲ್ಲಿ ಮುಗಿಯಿತು. ಒಪ್ಪಿಗೆ ಪತ್ರದ ಮಾತುಗಳು ಬದಲಾದವು, ಕಂಪನಿ ಮುಖವನ್ನು ಎಲ್ಲೆಲ್ಲಿ ಬಳಸಬಹುದು ಎನ್ನುವುದು ಕಿರಿದಾಯಿತು.

ಸಂಘವಿಲ್ಲದ ಆಟ

ಬೇಸ್‌ಬಾಲ್‌ನಲ್ಲಿ ಈ ಗೋಳು ಯಾಕಿಲ್ಲ? ಅಲ್ಲಿ ಆಟಗಾರರಿಗೆ ಸಂಘ ಇದೆ. 1960ರ ದಶಕದಲ್ಲಿ ಮಾರ್ವಿನ್ ಮಿಲ್ಲರ್ ಸಂಘದ ಚುಕ್ಕಾಣಿ ಹಿಡಿದಾಗ ಟಾಪ್ಸ್ ಕಂಪನಿ ಒಬ್ಬೊಬ್ಬ ಆಟಗಾರನಿಗೂ ವರ್ಷಕ್ಕೆ 125 ಡಾಲರ್ ಕೊಟ್ಟು ಕಾರ್ಡು ಮಾರುತ್ತಿತ್ತು. ಮಿಲ್ಲರ್ ಆಟಗಾರರಿಗೆ 'ಹೊಸ ಸಹಿ ಹಾಕಬೇಡಿ' ಎಂದರು. ಅಷ್ಟೇ. ಕಂಪನಿ ಮಾತಿಗೆ ಬಂತು. 1968ರಲ್ಲಿ ಆ ಮೊತ್ತ 250 ಆಯಿತು, ಮೇಲೆ ಮಾರಾಟದಲ್ಲಿ ಶೇಕಡಾವಾರು ಪಾಲೂ ಬಂತು. ಈಗ ಹಲವು ಆಟಗಾರರನ್ನು ಒಟ್ಟಿಗೆ ಬಳಸುವ ಗೇಮ್ ಮಾಡಬೇಕೆಂದರೆ ಸಂಘದ ಜೊತೆ ಒಂದು ಕರಾರು ಸಾಕು. ತಂಡದ ಲೋಗೋಗೆ ಲೀಗ್ ಜೊತೆ ಇನ್ನೊಂದು. ಎರಡು ಬಾಗಿಲು ತಟ್ಟಿದರೆ ಕೆಲಸ ಮುಗಿಯಿತು.

ಪೋಕರ್‌ನಲ್ಲಿ ಇಂಥ ಸಂಘವೂ ಇಲ್ಲ, ತಂಡವೂ ಇಲ್ಲ. ಆಟಗಾರ ಟೂರ್ನಿಯ ನೌಕರನಲ್ಲ, ಅವನೇ ದುಡ್ಡು ಕಟ್ಟಿ ಆಡುವ ಗಿರಾಕಿ. ಗಿರಾಕಿಗಳ ಸಂಘ ಕಟ್ಟಿ ಮುಷ್ಕರ ಹೂಡುವುದು ಹೇಗೆ? ಹತ್ತು ಜನ ಬಾರದಿದ್ದರೆ ಆ ಕುರ್ಚಿಗೆ ಇನ್ನು ಹತ್ತು ಜನ ದುಡ್ಡು ಹಿಡಿದು ನಿಂತಿರುತ್ತಾರೆ. ಹಾಗಾಗಿ ಹತ್ತು ಮುಖ ಬೇಕಾದವನು ಹತ್ತು ಏಜೆಂಟರಿಗೆ ಫೋನ್ ಮಾಡಬೇಕು.

ಟೂರ್ನಿಯ ಒಡೆಯರಿಗೆ ಈ ತಾಪತ್ರಯ ಇಲ್ಲ. 2004ರಲ್ಲಿ ಹ್ಯಾರಾಸ್ ಕಂಪನಿ ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊ ಕೊಂಡಿತು. ಕಟ್ಟಡವನ್ನು ಬೇರೆಯವರಿಗೆ ಮಾರಿತು, ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ಹೆಸರನ್ನು ಮಾತ್ರ ಇಟ್ಟುಕೊಂಡಿತು. ಮನೆ ಬಿಟ್ಟು ನಾಮಫಲಕ ಹೊತ್ತು ಹೋದ ಹಾಗೆ. ಬುದ್ಧಿವಂತರು. ಆ ಹೆಸರು 2024ರಲ್ಲಿ 50 ಕೋಟಿ ಡಾಲರ್‌ಗೆ ಮಾರಾಟವಾಯಿತು. ಗೆದ್ದವರು ವರ್ಷವರ್ಷ ಬದಲಾಗುತ್ತಾರೆ, ಲೋಗೋ ಬದಲಾಗುವುದಿಲ್ಲ. ಅದಕ್ಕೇ ಅಂಗಡಿಯಲ್ಲಿ ಟೂರ್ನಿ ಹೆಸರಿನ ಟೋಪಿ ಸಿಗುವಷ್ಟು ಸುಲಭವಾಗಿ ಚಾಂಪಿಯನ್ ಹೆಸರಿನ ಟೋಪಿ ಸಿಗುವುದಿಲ್ಲ. ಕರಾರು, ಚಿತ್ರ, ಒಪ್ಪಿಗೆ, ಕಾರ್ಖಾನೆ, ಹಡಗು ಎಲ್ಲ ಮುಗಿದು ಸರಕು ಅಂಗಡಿಗೆ ಬರುವಷ್ಟರಲ್ಲಿ ಹೊಸ ಚಾಂಪಿಯನ್ ಬಂದಿರುತ್ತಾನೆ.

ಇದಕ್ಕೊಂದು ಮದ್ದನ್ನೂ ಮಾಡಿ ನೋಡಿದರು. 2008ರಿಂದ 2016ರವರೆಗೆ ಫೈನಲ್ ಟೇಬಲ್‌ಗೆ ಬಂದ ಒಂಬತ್ತು ಜನರನ್ನು ಜುಲೈನಲ್ಲೇ ನಿಲ್ಲಿಸಿ, ಕೊನೆಯ ಆಟವನ್ನು ಸುಮಾರು ನಾಲ್ಕು ತಿಂಗಳ ನಂತರ ಆಡಿಸುತ್ತಿದ್ದರು. 'ನವೆಂಬರ್ ನೈನ್' ಎಂದು ಹೆಸರು. ಅಷ್ಟರೊಳಗೆ ಟೀವಿ ಅವರ ಕಥೆ ಹೇಳಬಹುದು, ಅವರು ಪ್ರಾಯೋಜಕರನ್ನು ಹಿಡಿಯಬಹುದು. 2017ರಲ್ಲಿ ಅದನ್ನು ಕೈಬಿಟ್ಟರು.

ಒಂದು ಹೂಡಿಯ ಲೆಕ್ಕ

ಎಲ್ಲರೂ ಸಹಿ ಹಾಕಿದರು ಅಂದುಕೊಳ್ಳಿ. ಆಟಗಾರನ ಕೈಗೆ ಎಷ್ಟು? ಸುಮ್ನೆ ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ನನ್ನ ಊಹೆಯವು, ಲೆಕ್ಕದ ದಾರಿ ಮಾತ್ರ ನಿಜವಾದದ್ದು.

ಅಂಗಡಿಯಲ್ಲಿ 50 ಡಾಲರ್‌ಗೆ ಮಾರುವ ಹೂಡಿ. ತಯಾರಕ ಅದನ್ನು ಅಂಗಡಿಗೆ ಕೊಡುವುದು ಸಗಟು ಬೆಲೆಗೆ, 25 ಎಂದಿಟ್ಟುಕೊಳ್ಳಿ. ಆಟಗಾರನ ಪಾಲಿನ, ಅಂದರೆ ರಾಯಲ್ಟಿಯ ಲೆಕ್ಕ ಸಾಮಾನ್ಯವಾಗಿ ಈ ಸಗಟು ಬೆಲೆಯ ಮೇಲೆ, ಅಂಗಡಿಯ ಬೆಲೆಯ ಮೇಲಲ್ಲ. ಶೇ. 8 ಅಂದರೆ 2 ಡಾಲರ್. ಏಜೆಂಟ್ ಶೇ. 20 ತೆಗೆದುಕೊಂಡರೆ 40 ಸೆಂಟ್ ಹೋಯಿತು. ಉಳಿದದ್ದು 1 ಡಾಲರ್ 60 ಸೆಂಟ್. ವರ್ಲ್ಡ್ ಸೀರೀಸ್ ಮುಖ್ಯ ಟೂರ್ನಿಗೆ ಪ್ರವೇಶ ಶುಲ್ಕ 10,000 ಡಾಲರ್. ಅಂದರೆ ಒಂದೇ ಒಂದು ಸಲ ಕೂತು ಆಡಲು 6,250 ಹೂಡಿ ಮಾರಾಟವಾಗಬೇಕು. ವಾಪಸು ಬಂದ ಸರಕು, ರಿಯಾಯಿತಿ ಇವನ್ನು ಇನ್ನೂ ಕಳೆದಿಲ್ಲ.

ಅದಕ್ಕೇ ಬುದ್ಧಿ ಇರುವ ಏಜೆಂಟ್ ಶೇಕಡಾವಾರಿಗಿಂತ ಕನಿಷ್ಠ ಖಾತರಿ ಹಣದ ಮೇಲೆ ಜಾಸ್ತಿ ಹಟ ಹಿಡಿಯುತ್ತಾನೆ. ಮಾರಾಟವಾಗಲಿ ಬಿಡಲಿ, ಇಷ್ಟು ಕೊಡಲೇಬೇಕು, ಅದರಲ್ಲಿ ಒಂದು ಪಾಲು ಸಹಿ ಹಾಕಿದ ದಿನವೇ ಮುಂಗಡ. ಮುಂದೆ ಬರುವ ರಾಯಲ್ಟಿಯಲ್ಲಿ ಅದು ವಜಾ ಆಗುತ್ತಾ ಹೋಗುತ್ತದೆ. ಉಳಿದ ಷರತ್ತುಗಳು ಎಲ್ಲ ಲೈಸೆನ್ಸಿನಲ್ಲೂ ಇರುವಂಥವೇ: ಯಾವ ದೇಶ, ಎಷ್ಟು ವರ್ಷ, ಮಾದರಿಗೆ ಯಾರ ಒಪ್ಪಿಗೆ, ಅವಧಿ ಮುಗಿದ ಮೇಲೆ ಉಳಿದ ಸರಕು ಮಾರಲು ಎಷ್ಟು ತಿಂಗಳು, ಲೆಕ್ಕಪುಸ್ತಕ ನೋಡುವ ಹಕ್ಕು ಇದೆಯೋ ಇಲ್ಲವೋ.

ಹಾಗಾಗಿ ಆ ಕಾಲದಲ್ಲಿ ನಿಜವಾದ ದುಡ್ಡು ಮಾರುವ ಅಂಗಿಯಲ್ಲಿ ಇರಲಿಲ್ಲ, ಹಾಕಿಕೊಂಡ ಅಂಗಿಯಲ್ಲಿ ಇತ್ತು. ಪೋಕರ್ ಸೈಟುಗಳು ಎದೆಯ ಮೇಲೆ ಲೋಗೋ ಹೊಲಿಸಿಕೊಳ್ಳಲು ಆಟಗಾರರಿಗೆ ಹಣ ಕೊಡುತ್ತಿದ್ದವು. ಟೀವಿಯಲ್ಲಿ ಕಾಣುವ ಲೋಗೋಗಳ ಕೊನೆಗೆ ಡಾಟ್ ಕಾಮ್ ಬದಲು ಡಾಟ್ ನೆಟ್ ಇರುತ್ತಿತ್ತು, ಗಮನಿಸಿದ್ದೀರಾ? ಡಾಟ್ ನೆಟ್ ಅಂದರೆ ದುಡ್ಡಿಲ್ಲದೆ ಆಡುವ ಸೈಟು. ಜೂಜಿನ ಜಾಹೀರಾತು ಅನ್ನಿಸಿಕೊಳ್ಳದಿರಲು ಮಾಡಿದ ಉಪಾಯ. ಯಾರಿಗೂ ಅರ್ಥವಾಗದ ಗುಟ್ಟೇನಲ್ಲ.

2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಆಬ್ಸೊಲ್ಯೂಟ್ ಪೋಕರ್ ಎಂಬ ಆನ್‌ಲೈನ್ ಪೋಕರ್ ಸೈಟುಗಳ ಹಿಂದಿದ್ದವರ ಮೇಲೆ ಕೇಸು ಜಡಿಯಿತು. ಪೋಕರ್‌ನವರು ಅದನ್ನು 'ಬ್ಲ್ಯಾಕ್ ಫ್ರೈಡೆ' ಅನ್ನುತ್ತಾರೆ. ಲೋಗೋ ಹಣ ಹೆಚ್ಚುಕಡಿಮೆ ರಾತ್ರೋರಾತ್ರಿ ಬತ್ತಿತು. ಫುಲ್ ಟಿಲ್ಟ್ ಬಳಿ ಆಟಗಾರರು ಇಟ್ಟ ಹಣ ಕೊಡಲು ದುಡ್ಡೇ ಇರಲಿಲ್ಲ. ಆ ಲೋಗೋ ಹೊತ್ತ ಟೋಪಿ ಹಾಕಿಕೊಂಡು ಮೇಜಿಗೆ ಬಂದರೆ ಪಕ್ಕದವನು ನನ್ನ ದುಡ್ಡೆಲ್ಲಿ ಎಂದು ಕೇಳುವ ಸ್ಥಿತಿ. ಲೈಸೆನ್ಸ್ ಕರಾರುಗಳಲ್ಲಿ ಮಾನ ಕಳೆಯುವ ಕೆಲಸ ಮಾಡಿದರೆ ಕರಾರು ರದ್ದು ಎಂಬ ಷರತ್ತು ಆಟಗಾರನ ಮೇಲೆ ಇರುವುದು ಮಾಮೂಲಿ. ಕಂಪನಿಯೇ ಮಾನ ಕಳೆದರೆ ಆಟಗಾರ ಹೊರಬರುವ ಷರತ್ತು ಇದೆಯಾ ಅಂತ ನೋಡುವವರು ಕಡಿಮೆ.

ಈಗಿನ ಹುಡುಗರು ಬೇರೆ ದಾರಿ ಹಿಡಿದಿದ್ದಾರೆ. ತಮ್ಮ ಆಟದ ವಿಡಿಯೋ ತಾವೇ ಮಾಡಿ ಯೂಟ್ಯೂಬ್‌ಗೆ ಹಾಕುವ ಬ್ರಾಡ್ ಓವೆನ್, ಆಂಡ್ರೂ ನೀಮಿ ಅವರಂಥವರ ಕ್ಯಾಮೆರಾ ಅವರ ಕೈಯಲ್ಲೇ ಇದೆ, ನೋಡುಗರೂ ಅವರವರೇ. ಇಂಥವರು ಟೀ-ಶರ್ಟ್ ಮಾರಬೇಕಾದರೆ ಆರ್ಡರ್ ಬಂದ ಮೇಲೆ ಅಚ್ಚು ಹಾಕಿ ಕಳಿಸುವ ಕಂಪನಿಗೆ ವಿನ್ಯಾಸ ಕೊಟ್ಟರೆ ಮುಗಿಯಿತು. ಗೋದಾಮಿಲ್ಲ, ಏಜೆಂಟಿಲ್ಲ. ಮಾರಾಟ ನೂರರ ಲೆಕ್ಕದಲ್ಲೇ ಇದ್ದರೂ ಒಂದೊಂದರ ಮೇಲೆ ಉಳಿಯುವುದು 1 ಡಾಲರ್ 60 ಸೆಂಟ್‌ಗಿಂತ ಎಷ್ಟೋ ವಾಸಿ.

ಇನ್ನು ಸಹಿಯೇ ಬೇಡದ ವ್ಯಾಪಾರವೂ ಒಂದಿದೆ. 2008ರ ಚಾಂಪಿಯನ್ ಪೀಟರ್ ಈಸ್ಟ್‌ಗೇಟ್ ತಮ್ಮ ಗೆಲುವಿನ ಕಡಗವನ್ನು 2010ರಲ್ಲಿ ಹರಾಜಿಗಿಟ್ಟರು. 1,47,500 ಡಾಲರ್ ಬಂತು, ಅದನ್ನು ಯುನಿಸೆಫ್‌ಗೆ ಕೊಟ್ಟರು. ಅವರು ಯಾರ ಲೈಸೆನ್ಸನ್ನೂ ಕೇಳಬೇಕಿರಲಿಲ್ಲ, ಯಾಕಂದ್ರೆ ಅದು ಇರುವ ಒಂದು ವಸ್ತು, ಅವರದೇ ವಸ್ತು. ಅದೇ ಕಡಗದಂಥ ನೂರು ಕಡಗ ಮಾಡಿಸಿ ಮಾರಲು ಹೊರಟರೆ ಲೈಸೆನ್ಸ್ ಬೇಕು. ರೇಮರ್ ಪಳೆಯುಳಿಕೆಗೂ ಇದೇ ಮಾತು.

ಸತ್ತ ಮೇಲೂ ಈ ಹಕ್ಕು ಸಾಯುವುದಿಲ್ಲ. ನೆವಾಡಾದಲ್ಲಿ 50 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 70. ಕೌಬಾಯ್ ಹ್ಯಾಟಿನ ಹಿರಿಯ ಆಟಗಾರ ಡಾಯ್ಲ್ ಬ್ರನ್ಸನ್ 2023ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನಲ್ಲಿ ತೀರಿಕೊಂಡರು. ಅಲ್ಲಿನ ಲೆಕ್ಕದಲ್ಲಿ ಅವರ ಹೆಸರು, ಮುಖ, ದನಿ 2073ರವರೆಗೆ ವಾರಸುದಾರರ ಆಸ್ತಿ. ಅವರು 1976 ಮತ್ತು 1977ರಲ್ಲಿ ಸತತವಾಗಿ ವರ್ಲ್ಡ್ ಸೀರೀಸ್ ಗೆದ್ದರು. ಎರಡು ಸಲವೂ ಕೊನೆಯ ಆಟದಲ್ಲಿ ಕೈಯಲ್ಲಿದ್ದದ್ದು ಹತ್ತು ಮತ್ತು ಎರಡು, ಯಾರೂ ಬಯಸದ ದರಿದ್ರ ಎಲೆಗಳು. ಅಂದಿನಿಂದ ಆ ಜೋಡಿಗೆ 'ಡಾಯ್ಲ್ ಬ್ರನ್ಸನ್' ಎಂದೇ ಹೆಸರು.

ಹತ್ತು ಮತ್ತು ಎರಡು ಎಲೆಗಳು ಯಾರ ಸ್ವತ್ತೂ ಅಲ್ಲ. ಆ ಎರಡು ಎಲೆಗಳನ್ನಷ್ಟೇ ಟೀ-ಶರ್ಟ್ ಮೇಲೆ ಹಾಕಿ ಮಾರಿದರೆ ಪೋಕರ್ ಬಲ್ಲವರು ನಕ್ಕು ಕೊಳ್ಳುತ್ತಾರೆ, ಯಾವ ವಕೀಲರೂ ಫೋನ್ ಮಾಡಲಿಕ್ಕಿಲ್ಲ. ಎಲೆಗಳ ಮೇಲೊಂದು ಕೌಬಾಯ್ ಹ್ಯಾಟು ಬಿಡಿಸಿದಿರೋ, ಆಗ ಆ ವಿಗ್ ತೊಟ್ಟ ರೋಬೋವನ್ನು ಒಮ್ಮೆ ನೆನಪಿಸಿಕೊಳ್ಳಿ.